ನೀರು ಸುರಿಸುವ ಒಣಕಣ್ಣು

ಕೊಯ್ಲಿನ ಕಾಲದಲ್ಲಿ ಸಂಘದ ಕಚೇರಿಗೆ ಬರುವ ಸದಸ್ಯರಲ್ಲಿ, ತೂಕದ ಚೀಟಿಗೆ ಸಹಿ ಹಾಕುವ ಮೊದಲು ಹೆಗಲ ಮೇಲಿನ ಟವೆಲಿನಿಂದ ಕಣ್ಣೊರೆಸಿಕೊಳ್ಳದವರು ಕಡಿಮೆ. “ಏನು ಗೌಡ್ರೇ, ಕಣ್ಣು ಕೆಂಪಾಗಿದೆಯಲ್ಲ?” ಎಂದು ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ: “ಅಡಿಕೆ ಒಲೆ ಹೊಗೆ ಮಾರಾಯ್ರೆ, ಕೊಯ್ಲು ಮುಗಿದ್ರೆ ಸರಿಯಾಗ್ತದೆ.”

ನಾವೂ ಹಲವು ವರ್ಷ ಹಾಗೆಯೇ ಹೇಳಿದವರು. ಆ ಉದಾಸೀನದಿಂದ ನಮಗೊಂದು ನಷ್ಟವಾಯಿತು. ಸಂಘದ ನಷ್ಟವನ್ನು ಮಹಾಸಭೆಯ ಮುಂದೆ ಮುಚ್ಚುಮರೆಯಿಲ್ಲದೆ ಒಪ್ಪಿಸುವ ಕಾರ್ಯದರ್ಶಿ ಸ್ವಂತ ನಷ್ಟವನ್ನು ಬಚ್ಚಿಟ್ಟುಕೊಳ್ಳುವುದು ಸರಿಯಲ್ಲವೆಂದು ತೋರಿ ಈ ಲೇಖನ ಬರೆಯುತ್ತಿದ್ದೇವೆ.

ಕಣ್ಣೀರೆಂದರೆ ಬರಿಯ ನೀರಲ್ಲ

ನಮ್ಮ ಕಣ್ಣಿನ ಮೇಲೆ ಸದಾ ಕಣ್ಣೀರಿನ ತೆಳುವಾದ ಪೊರೆಯೊಂದು ಇರುತ್ತದೆ. ದುಃಖಕ್ಕೆ ಸುರಿಯುವ ಕಣ್ಣೀರು ಬೇರೆ. ಇದು ಹಗಲೆಲ್ಲ ಸದ್ದಿಲ್ಲದೆ ಊರುತ್ತ, ಪ್ರತಿ ರೆಪ್ಪೆ ಬಡಿತಕ್ಕೂ ಕಣ್ಣಿನ ಮೇಲೆ ಹರಡಿಕೊಳ್ಳುವಂಥದು. ಇದರಲ್ಲಿ ಮೂರು ಅಂಶಗಳಿವೆ. ಕೆಳಗೆ, ಕಣ್ಣಿಗೆ ತಾಗಿ, ಲೋಳೆಯ ಪದರ. ಅದರ ಮೇಲೆ ನೀರು. ಎಲ್ಲಕ್ಕಿಂತ ಮೇಲೆ ಎಣ್ಣೆಯ ಬಹು ತೆಳುವಾದ ಪದರ. ನೀರು ಹುಬ್ಬಿನ ಕೆಳಗೆ ಹೊರಬದಿಯಲ್ಲಿರುವ ಗ್ರಂಥಿಯಿಂದ ಬರುತ್ತದೆ. ಎಣ್ಣೆ ಬರುವುದು ರೆಪ್ಪೆಯ ಅಂಚಿನಲ್ಲಿ ಸಾಲಾಗಿರುವ ಸಣ್ಣ ಗ್ರಂಥಿಗಳಿಂದ. 1666ರಲ್ಲಿ ಇವುಗಳನ್ನು ವಿವರಿಸಿದ ಜರ್ಮನ್ ವೈದ್ಯ ಹೈನ್ರಿಕ್ ಮೈಬೋಮ್ ಅವರ ಹೆಸರಿನಿಂದ ಇವನ್ನು ಮೈಬೋಮಿಯನ್ ಗ್ರಂಥಿಗಳೆನ್ನುತ್ತಾರೆ.

ತೋಟದವರಿಗೆ ಇದು ಹೊಸ ವಿದ್ಯೆಯೇನಲ್ಲ. ಅಡಿಕೆ ಬುಡಕ್ಕೆ ಎಷ್ಟು ನೀರು ಬಿಟ್ಟರೂ ಮೇಲೆ ಸೊಪ್ಪು ದರಗಿನ ಮುಚ್ಚಿಗೆ ಇಲ್ಲದಿದ್ದರೆ ಫೆಬ್ರವರಿಯ ಬಿಸಿಲಿಗೆ ಎರಡು ದಿನದಲ್ಲಿ ನೆಲ ಬಿರಿಯುತ್ತದೆ. ಕಣ್ಣೀರಿಗೆ ಎಣ್ಣೆಯ ಪದರವೇ ಮುಚ್ಚಿಗೆ. ಲೋಳೆಯ ಪದರವು ನೀರನ್ನು ಹಿಡಿದುಕೊಳ್ಳುವ ಒಳ್ಳೆಯ ಮಣ್ಣಿನಂತೆ. ಮೂರರಲ್ಲಿ ಯಾವುದು ಕೆಟ್ಟರೂ ಕಣ್ಣಿನ ಮೇಲೆ ಅಲ್ಲಲ್ಲಿ ಒಣ ತೇಪೆಗಳೇಳುತ್ತವೆ. ಉರಿ, ಮರಳು ಬಿದ್ದಂತಹ ಚುಚ್ಚು, ಸಂಜೆಯ ವೇಳೆಗೆ ಕೆಂಪು, ಓದುವಾಗ ಅಕ್ಷರ ಮಸುಕಾಗಿ ರೆಪ್ಪೆ ಬಡಿದೊಡನೆ ಮತ್ತೆ ತಿಳಿಯಾಗುವುದು: ಇವು ಒಣಕಣ್ಣಿನ ಗುರುತುಗಳು.

ಹಾಗಾದರೆ ಒಣಗಿದ ಕಣ್ಣಿನಲ್ಲಿ ನೀರು ಸುರಿಯುವುದೇಕೆ? ಒಣ ತೇಪೆಯ ಉರಿ ತಾಳಲಾರದೆ ಕಣ್ಣು ಒಮ್ಮೆಲೇ ನೀರು ಬಿಡುತ್ತದೆ. ಆ ನೀರಿನಲ್ಲಿ ಎಣ್ಣೆ, ಲೋಳೆಗಳ ಹದವಿಲ್ಲ. ಜಡಿಮಳೆಯ ನೀರು ಬಸಿಗಾಲುವೆಯಲ್ಲಿ ಹರಿದುಹೋಗುವಂತೆ ಕೆನ್ನೆಯ ಮೇಲೆ ಹರಿದುಹೋಗುತ್ತದೆ. ಕಣ್ಣು ಮತ್ತೆ ಒಣಗುತ್ತದೆ. “ನನ್ನ ಕಣ್ಣಲ್ಲಿ ನೀರು ಸೋರ್ತಾ ಇದೆ, ಒಣಗುವುದೆಲ್ಲಿ ಬಂತು?” ಎಂದು ಸದಸ್ಯರು ಮೋಸ ಹೋಗುವುದು ಇಲ್ಲಿಯೇ.

ನಮ್ಮ ಕಸುಬು ಮತ್ತು ಕಣ್ಣು

ನೀರೇ ಕಡಿಮೆ ಊರುವುದು ಒಂದು ಬಗೆ. ಊರಿದ ನೀರು ಎಣ್ಣೆಯ ಮುಚ್ಚಿಗೆಯಿಲ್ಲದೆ ಬೇಗ ಆರಿಹೋಗುವುದು ಇನ್ನೊಂದು. ಎರಡನೆಯದೇ ಹೆಚ್ಚು ಸಾಮಾನ್ಯ. ಹಲವರಲ್ಲಿ ಎರಡೂ ಕೂಡಿರುತ್ತವೆ.

ನಮ್ಮ ವರ್ಷದ ಕೆಲಸವನ್ನು ಇದಕ್ಕೆ ಹೊಂದಿಸಿ ನೋಡೋಣ. ಅಡಿಕೆ ಸುಲಿತದ ರಾತ್ರಿಗಳಲ್ಲಿ ಮೆಟ್ಟುಗತ್ತಿಯ ಅಲಗಿನ ಮೇಲೇ ಕಣ್ಣಿಟ್ಟು ಕೂತವರು ರೆಪ್ಪೆ ಬಡಿಯುವುದನ್ನೇ ಮರೆಯುತ್ತಾರೆ. ಸಾಮಾನ್ಯವಾಗಿ ನಿಮಿಷಕ್ಕೆ ಸುಮಾರು 15 ಸಲ ಬಡಿಯುವ ರೆಪ್ಪೆ, ಒಂದೇ ಕಡೆ ದಿಟ್ಟಿಸಿ ನೋಡುವಾಗ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಮೊಬೈಲು ನೋಡುವಾಗಲೂ ಇದೇ ಕಥೆ. ಇತ್ತ ಅಡಿಕೆ ಬೇಯಿಸುವ ಹಂಡೆಯಡಿ ಹಸಿ ಸಿಪ್ಪೆ, ಹಸಿ ಸೌದೆಯ ಹೊಗೆ. ಅತ್ತ ಕಾಫಿ ಕಣದಲ್ಲಿ ಡಿಸೆಂಬರ್, ಜನವರಿಯ ಒಣಗಾಳಿ. ಪಲ್ಪರ್ ಹಾಕದೆ ಒಣಗಿಸಿದ ಚೆರ್ರಿಯನ್ನು ಮೂಟೆ ಕಟ್ಟುವಾಗ ಏಳುವ ಧೂಳು. ಕನ್ನಡಕವಿಲ್ಲದೆ ಬೈಕಿನಲ್ಲಿ ಪೇಟೆಗೆ ಹೋಗಿ ಬರುವ ಗಾಳಿ. ಇವೆಲ್ಲ ಕೂಡಿಯೇ ನಮ್ಮ ಕಣ್ಣಿನ ತೇವವನ್ನು ಹೀರುತ್ತವೆ.

ಕಸುಬಿನ ಹೊರಗೂ ಕಾರಣಗಳಿವೆ. ವಯಸ್ಸು ಐವತ್ತು ದಾಟುವುದು, ಹೆಂಗಸರಲ್ಲಿ ಮುಟ್ಟು ನಿಲ್ಲುವ ಕಾಲ, ಸಕ್ಕರೆ ಕಾಯಿಲೆ, ಥೈರಾಯ್ಡ್ ತೊಂದರೆ ಮುಖ್ಯವಾದವು. ನೆಗಡಿ, ಅಲರ್ಜಿಗೆ ನುಂಗುವ ಕೆಲವು ಮಾತ್ರೆಗಳೂ ಮನೋರೋಗದ ಕೆಲವು ಔಷಧಿಗಳೂ ಕಣ್ಣನ್ನು ಒಣಗಿಸುತ್ತವೆ. ಕಣ್ಣಿನೊಂದಿಗೆ ಬಾಯಿಯೂ ಒಣಗಿ, ಗಂಟುನೋವೂ ಇದ್ದರೆ ಸ್ವೀಡನ್ನಿನ ವೈದ್ಯ ಹೆನ್ರಿಕ್ ಶೋಗ್ರೆನ್ 1933ರಲ್ಲಿ ವಿವರಿಸಿದ ಒಂದು ಕಾಯಿಲೆಯನ್ನು ವೈದ್ಯರು ಶಂಕಿಸುತ್ತಾರೆ. ಅದು ಬಹುಪಾಲು ಹೆಂಗಸರಿಗೆ ಬರುವಂಥದು. ಒಲೆಯ ಮುಂದೆ ಹೆಚ್ಚು ಹೊತ್ತು ಕೂರುವವರೂ ಅವರೇ ಆದುದರಿಂದ “ಎಲ್ಲ ಹೊಗೆಯಿಂದ” ಎಂದು ಮನೆಯವರು ತಳ್ಳಿಹಾಕಬಾರದು.

ನಮಗಾದದ್ದು

ಕೆಲವು ವರ್ಷಗಳ ಹಿಂದೆ ನಮ್ಮ ಕಣ್ಣೂ ಹೀಗೆಯೇ ಉರಿದು, ಕೆಂಪಾಗಿ, ನೀರು ಸುರಿಸತೊಡಗಿತು. ಔಷಧಿ ಅಂಗಡಿಯಲ್ಲಿ ಹೇಳಿದೆವು. ಒಂದು ಸಣ್ಣ ಬಾಟಲಿ ಕೊಟ್ಟರು. ಎರಡೇ ದಿನದಲ್ಲಿ ಕೆಂಪು ಮಾಯ. ನಿಲ್ಲಿಸಿದರೆ ಮತ್ತೆ ಉರಿ, ಹಾಕಿದರೆ ಮತ್ತೆ ಹಾಯ್. ಹೀಗೆ ಎರಡು ಕೊಯ್ಲು ಕಳೆದವು. ವಿಜ್ಞಾನದ ಪದವಿ ಪಡೆದ ನಾವು ಗೊಬ್ಬರದ ಚೀಲದ ಮೇಲಿನ ಸಾರಜನಕದ ಪ್ರಮಾಣವನ್ನು ಎರಡು ಸಲ ಓದುತ್ತೇವೆ. ಕಣ್ಣಿಗೆ ಬಿಟ್ಟುಕೊಳ್ಳುವ ಬಾಟಲಿಯ ಚೀಟಿಯನ್ನು ಒಂದು ಸಲವೂ ಓದಲಿಲ್ಲ.

ಒಂದು ಸಂಜೆ ತಿರುವಿನಲ್ಲಿ ಎಡಗಡೆಯಿಂದ ಬಂದ ಜೀಪು ನಮಗೆ ಕಾಣಲೇ ಇಲ್ಲ. ಸ್ಕೂಟರು ಚರಂಡಿಗಿಳಿಯಿತು, ಕೈ ತರಚಿದ್ದು ಬಿಟ್ಟರೆ ಬೇರೆ ಅಪಾಯವಾಗಲಿಲ್ಲ. ಕಣ್ಣಿನ ವೈದ್ಯರಲ್ಲಿಗೆ ಹೋದಾಗ ಕಣ್ಣಿನೊಳಗಿನ ಒತ್ತಡ 34 ಎಂದರು. ಸಾಮಾನ್ಯವಾಗಿ ಅದು 10ರಿಂದ 21ರ ನಡುವೆ ಇರಬೇಕಾದದ್ದು. ಆ ಬಾಟಲಿಯಲ್ಲಿದ್ದದ್ದು ಸ್ಟಿರಾಯ್ಡ್. ತಿಂಗಳುಗಟ್ಟಲೆ ಹಾಕಿದರೆ ಕೆಲವರಲ್ಲಿ ಅದು ಕಣ್ಣಿನ ಒತ್ತಡ ಏರಿಸಿ ದೃಷ್ಟಿನರವನ್ನು ಕೊಲ್ಲುತ್ತದೆ, ಇದೇ ಗ್ಲಾಕೋಮಾ. ಬೇಗ ಪೊರೆ ಬರಿಸುವುದೂ ಉಂಟು. ನೋವಿಲ್ಲ, ಸೂಚನೆಯಿಲ್ಲ, ಮೊದಲು ಬದಿಯ ನೋಟ ಹೋಗುತ್ತದೆ. ನಮ್ಮ ಎಡಗಣ್ಣಿನಲ್ಲಿ ಹೋದ ನೋಟ ಹೋಯಿತು, ಇನ್ನು ಬಾರದು. ಉಳಿದದ್ದನ್ನು ಕಾಯಲು ದಿನವೂ ಬೇರೆ ಹನಿ ಹಾಕಿಕೊಳ್ಳುತ್ತಿದ್ದೇವೆ.

ಅದೇ ದಿನ ವೈದ್ಯರು ಮಿಲಿಮೀಟರು ಗುರುತಿದ್ದ ಕಾಗದದ ಪಟ್ಟಿಯೊಂದನ್ನು ಕೆಳರೆಪ್ಪೆಗೆ ಸಿಕ್ಕಿಸಿ 5 ನಿಮಿಷ ಕೂರಿಸಿದರು. ಕಣ್ಣೀರು ಸಾಕಷ್ಟಿದ್ದರೆ ಪಟ್ಟಿ 10 ಮಿಲಿಮೀಟರಿಗಿಂತ ಹೆಚ್ಚು ನೆನೆಯುತ್ತದೆ. 5ಕ್ಕಿಂತ ಕಡಿಮೆಯಾದರೆ ಒಣಕಣ್ಣೆಂಬುದು ಬಹುಮಟ್ಟಿಗೆ ಸ್ಪಷ್ಟ. ನಮ್ಮದು 4. ಹಳದಿ ಬಣ್ಣ ಹಾಕಿ, ರೆಪ್ಪೆ ಬಡಿಯದೆ ಇದ್ದಾಗ ಕಣ್ಣೀರಿನ ಪೊರೆ ಎಷ್ಟು ಸೆಕೆಂಡಿಗೆ ಒಡೆಯುತ್ತದೆಂದೂ ನೋಡಿದರು. 10 ಸೆಕೆಂಡಿಗಿಂತ ಮೊದಲೇ ಒಡೆದರೆ ಪೊರೆ ದುರ್ಬಲ. ನಮಗಿದ್ದದ್ದು ಮೊದಲಿನಿಂದಲೂ ಒಣಕಣ್ಣು, ಅಷ್ಟೇ. ಅದಕ್ಕೆ ಬೇಕಿದ್ದ ಔಷಧಿಯೇ ಬೇರೆ.

ಸ್ಟಿರಾಯ್ಡ್ ಕೆಟ್ಟ ವಸ್ತುವೆಂದು ನಾವು ಹೇಳುತ್ತಿಲ್ಲ. ಉರಿಯೂತ ಜೋರಾಗಿದ್ದಾಗ ವೈದ್ಯರೇ ಕೆಲವು ದಿನಕ್ಕೆ ಬರೆದು, ಒತ್ತಡ ನೋಡಿಕೊಳ್ಳುತ್ತಾರೆ. ಅಂಗಡಿಯಿಂದ ತಾವೇ ತಂದು ಹಾಕಿಕೊಳ್ಳುವ ವಸ್ತು ಅದಲ್ಲ. ಬಾಟಲಿಯ ಮೇಲೆ ಡೆಕ್ಸಾಮೆಥಸೋನ್, ಬೀಟಾಮೆಥಸೋನ್, ಪ್ರೆಡ್ನಿಸೊಲೋನ್ ಎಂಬ ಹೆಸರುಗಳಿದ್ದರೆ ಅದು ಸ್ಟಿರಾಯ್ಡ್. ಇವನ್ನು ಬೇರೆ ಔಷಧಿಯೊಂದಿಗೆ ಬೆರೆಸಿಯೂ ಮಾರುತ್ತಾರೆ. ಮಕ್ಕಳಿಂದಾದರೂ ಓದಿಸಿ.

ಮಾಡಬೇಕಾದದ್ದು

ಮೊದಲನೆಯದು ಕಾರಣವನ್ನು ತಗ್ಗಿಸುವುದು. ಬೇಯಿಸುವ ಒಲೆಗೆ ಹೊಗೆಕೊಳವೆ ಹಾಕಿಸಿ. ಆಗದಿದ್ದರೆ ಗಾಳಿಗೆ ಬೆನ್ನು ಕೊಟ್ಟು ಕೂರಿ. ಒಣ ಸೌದೆ ಬಳಸಿ. ಬೈಕಿಗೆ, ಕಣಕ್ಕೆ, ಸುಲಿಯುವ ಯಂತ್ರದ ಮುಂದೆ ಬದಿ ಮುಚ್ಚಿದ ಕನ್ನಡಕ ಇರಲಿ. ಸುಲಿತದ ನಡುವೆ ಆಗಾಗ ತಲೆಯೆತ್ತಿ, ಕಣ್ಣನ್ನು ಪೂರ್ತಿ ಮುಚ್ಚಿ ತೆರೆಯಿರಿ. ವೈದ್ಯರು ಬರೆದ ಮಾತ್ರೆಯಿಂದ ಕಣ್ಣು ಒಣಗುತ್ತಿದೆಯೆಂಬ ಅನುಮಾನವಿದ್ದರೆ ತಾವೇ ನಿಲ್ಲಿಸದೆ ಅವರನ್ನು ಕೇಳಿ.

ಎರಡನೆಯದು ಬಿಸಿಬಟ್ಟೆ. ಮಣಿಕಟ್ಟು ತಾಳುವಷ್ಟು ಬಿಸಿಯಾದ ಶುದ್ಧ ನೀರಿನಲ್ಲಿ ಬಟ್ಟೆ ಅದ್ದಿ ಹಿಂಡಿ, ಮುಚ್ಚಿದ ರೆಪ್ಪೆಯ ಮೇಲೆ 5ರಿಂದ 10 ನಿಮಿಷ ಇಡಿ. ಆರಿದಂತೆಲ್ಲ ಮತ್ತೆ ಅದ್ದಬೇಕು. ಗಟ್ಟಿಯಾದ ತುಪ್ಪ ಬಿಸಿಗೆ ಕರಗುವಂತೆ ರೆಪ್ಪೆಯಂಚಿನ ಎಣ್ಣೆ ಕರಗುತ್ತದೆ. ಆಮೇಲೆ ಮೇಲಿನ ರೆಪ್ಪೆಯನ್ನು ಕೆಳಮುಖವಾಗಿ, ಕೆಳಗಿನದನ್ನು ಮೇಲ್ಮುಖವಾಗಿ ಹಗುರವಾಗಿ ನೀವಿ, ಅಂಚನ್ನು ಒರೆಸಿ. ಇದನ್ನು ದಿನವೂ ಮಾಡಬೇಕು. ಫಲ ಕಾಣಲು ಕೆಲವು ವಾರ ಬೇಕು.

ಮೂರನೆಯದು ಕೃತಕ ಕಣ್ಣೀರು. ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಮುಂತಾದವುಗಳಿಂದ ಮಾಡಿದ ಈ ಹನಿಗಳು ಕಣ್ಣಿಗೆ ತೇವ ಕೊಡುತ್ತವೆ. ದಿನಕ್ಕೆ ನಾಲ್ಕಾರು ಸಲಕ್ಕಿಂತ ಹೆಚ್ಚು ಬೇಕಾಗುವವರು ಸಂರಕ್ಷಕ ಬೆರೆಸದ ಬಗೆಯನ್ನು ಕೇಳಿ ಪಡೆಯಬೇಕು. ಸಂರಕ್ಷಕವೇ ಕಣ್ಣನ್ನು ಕೆರಳಿಸಬಹುದು. ತೆರೆದ ಬಾಟಲಿಯನ್ನು ಚೀಟಿಯಲ್ಲಿ ಹೇಳಿದ ಅವಧಿಗೆ, ಸಾಮಾನ್ಯವಾಗಿ ಒಂದು ತಿಂಗಳಿಗೆ, ಎಸೆಯಿರಿ. ಬಾಟಲಿಯ ತುದಿ ಕಣ್ಣಿಗೆ ತಾಗಬಾರದು. ಒಬ್ಬರ ಬಾಟಲಿ ಇನ್ನೊಬ್ಬರಿಗೆ ಬೇಡ. ಇದರಿಂದಲೂ ತಗ್ಗದಿದ್ದರೆ ಸೈಕ್ಲೋಸ್ಪೋರಿನ್ ಹನಿ, ಕಣ್ಣೀರು ಮೂಗಿಗಿಳಿಯುವ ರಂಧ್ರಕ್ಕೆ ಸಣ್ಣ ಬಿರಡೆ ಮುಂತಾದ ಉಪಾಯಗಳು ವೈದ್ಯರಲ್ಲಿವೆ. ಮೀನೆಣ್ಣೆಯ ಗುಳಿಗೆಗೆ ದುಡ್ಡು ಸುರಿಯುವ ಮೊದಲು ಯೋಚಿಸಿ: 2018ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಪರೀಕ್ಷೆಯೊಂದರಲ್ಲಿ ಅದು ಆಲಿವ್ ಎಣ್ಣೆಯ ಗುಳಿಗೆಗಿಂತ ಹೆಚ್ಚೇನೂ ಗುಣ ತೋರಲಿಲ್ಲ.

ಎದೆಹಾಲು, ಜೇನುತುಪ್ಪ, ಹರಳೆಣ್ಣೆ, ಸೊಪ್ಪಿನ ರಸಗಳನ್ನು ಕಣ್ಣಿಗೆ ಬಿಡುವ ರೂಢಿ ನಮ್ಮಲ್ಲಿ ಇನ್ನೂ ಇದೆ. ಹಿರಿಯರ ಮೇಲಿನ ಗೌರವಕ್ಕೆ ಕುಂದಿಲ್ಲದಂತೆ ಹೇಳುತ್ತೇವೆ, ಅದನ್ನು ಬಿಡಬೇಕು. ಒಣಗಿ ತರಚಿದ ಕಣ್ಣಿಗೆ ಅದರಿಂದ ಸೋಂಕು ತಗಲಬಹುದು.

ಒಂದು ದಿನವೂ ತಡೆಯಬಾರದ ಸಂದರ್ಭಗಳು

ಬೋರ್ಡೋ ದ್ರಾವಣ ಮಾಡುವಾಗ ಸುಣ್ಣ ಕಣ್ಣಿಗೆ ಸಿಡಿದರೆ ವೈದ್ಯರನ್ನು ಹುಡುಕುವ ಮೊದಲು, ನಿಂತಲ್ಲೇ, ಶುದ್ಧ ನೀರಿನಿಂದ ಕಣ್ಣು ತೆರೆದಿಟ್ಟು ಕನಿಷ್ಠ 15ರಿಂದ 20 ನಿಮಿಷ ತೊಳೆಯಿರಿ. ಅನಂತರ ನೇರ ಆಸ್ಪತ್ರೆಗೆ. ಸುಣ್ಣದ ಸುಟ್ಟಗಾಯ ಲೋಳೆ ಸುರಿಸುವ ಕಣಗಳನ್ನೇ ಕೊಂದು ಕಣ್ಣನ್ನು ಶಾಶ್ವತವಾಗಿ ಒಣಗಿಸಬಲ್ಲದು. ಔಷಧಿ ಹೊಡೆಯುವಲ್ಲಿ ಒಂದು ಕೊಡ ಒಳ್ಳೆಯ ನೀರು ಸದಾ ಇರಲಿ. ಕೆಲಸದವರಿಗೂ ಕನ್ನಡಕ ಕೊಡಿಸಿ.

ಕಾಫಿ ಗಿಡದ ರೆಕ್ಕೆ, ಸೋಗೆಯ ಗರಿ, ಹುಲ್ಲಿನ ಅಲಗು ಕಣ್ಣಿಗೆ ತಾಗಿ ಮರುದಿನವೂ ನೋವಿದ್ದರೆ, ಕರಿಗುಡ್ಡೆಯ ಮೇಲೆ ಬಿಳಿಚುಕ್ಕೆ ಕಂಡರೆ, ಬೆಳಕು ನೋಡಲಾಗದಿದ್ದರೆ, ನೋಟ ಇಳಿದರೆ ಅದು ಒಣಕಣ್ಣಲ್ಲ. ಗಿಡದ ಗಾಯದಿಂದ ಬೂಷ್ಟು ಹತ್ತಿ ಹುಣ್ಣಾಗುತ್ತದೆ. ಅದಕ್ಕೆ ಸ್ಟಿರಾಯ್ಡ್ ಹನಿ ಹಾಕುವುದೆಂದರೆ ಕೊಳೆರೋಗದ ಗೊನೆಗೆ ಬೋರ್ಡೋ ಬದಲು ಮಳೆ ಸುರಿಸಿದಂತೆ.

ಐವತ್ತು ದಾಟಿದ ಸದಸ್ಯರು, ತೊಂದರೆ ಇರಲಿ ಇಲ್ಲದಿರಲಿ, ಕೊಳೆ ಔಷಧಿ ಹೊಡೆಯುವ ಮೊದಲು ಒಮ್ಮೆ ಕಣ್ಣಿನ ಒತ್ತಡ ನೋಡಿಸಿಕೊಂಡರೆ ಒಳ್ಳೆಯದು. ಮುಂದಿನ ಸಲ ಕಚೇರಿಗೆ ಬರುವಾಗ ಮನೆಯಲ್ಲಿರುವ ಕಣ್ಣಿನ ಬಾಟಲಿಯನ್ನು ಕಿಸೆಯಲ್ಲಿ ಹಾಕಿಕೊಂಡು ಬನ್ನಿ. ಚೀಟಿ ಓದಿ ಅದರಲ್ಲಿ ಏನಿದೆಯೆಂದು ಹೇಳುತ್ತೇವೆ. ಅಷ್ಟು ಓದಲು ನಮ್ಮ ಬಲಗಣ್ಣು ಇನ್ನೂ ಸಾಕು.