ಅದೇ ಬಣ್ಣದ ಹಳೆ ಬಾಗಿಲು: ತಪ್ಪು ಕಲ್ಪನೆ ಮತ್ತು ಸತ್ಯ

ಗುದ್ದಿಸಿಕೊಂಡ ಕಾರಿನ ಬಾಗಿಲು, ಬಾನೆಟ್ ಅಥವಾ ಫೆಂಡರ್ ಟಿಂಕರಿಂಗ್‌ಗೂ ಬಗ್ಗದಂತೆ ನಜ್ಜುಗುಜ್ಜಾದಾಗ, ಗುಜರಿಯಿಂದ ಅದೇ ಬಣ್ಣದ ಹಳೆಯ ಭಾಗ ತಂದು ಕೂರಿಸುವುದು ಅಗ್ಗದ ದಾರಿ. ಹೊಸಪೇಟೆ, ಕಂಪ್ಲಿ, ಬುಕ್ಕಸಾಗರದ ಕಡೆ ಸಿಗದಿದ್ದರೆ ಬೆಂಗಳೂರಿನ ಶಿವಾಜಿನಗರದವರೆಗೂ ಹುಡುಕಾಟ ನಡೆಯುತ್ತದೆ. ಬಣ್ಣ ಹೊಂದಿದರೆ ಪೇಂಟಿಂಗ್ ಖರ್ಚು ಉಳಿಯಿತು ಎಂಬ ನಂಬಿಕೆ ಈ ಹುಡುಕಾಟದ ಜೊತೆಗೇ ಬರುತ್ತದೆ. ದುಡ್ಡು ಹೋಗುವುದು ಹೆಚ್ಚಾಗಿ ಅಲ್ಲಿಯೇ.

ಬಿಳಿ ಎಂದರೆ ಎಲ್ಲಾ ಒಂದೇ ಬಿಳಿ ಎಂಬುದು ಮೊದಲ ತಪ್ಪು. ಕಂಪನಿಗಳು ಪ್ರತಿ ಬಣ್ಣಕ್ಕೂ ಒಂದು ಕೋಡ್ ಕೊಟ್ಟಿರುತ್ತವೆ: ಮಾರುತಿಯ ಸುಪೀರಿಯರ್ ವೈಟ್ 26ಯು, ಟೊಯೊಟಾದ ಸೂಪರ್ ವೈಟ್ 040. ಬಾನೆಟ್‌ನ ಕೆಳಗಿನ ಅಥವಾ ಬಾಗಿಲ ಕಂಬದ ಮೇಲಿನ ಪ್ಲೇಟ್‌ನಲ್ಲಿ ಅದು ಸಿಗುತ್ತದೆ. ಮುತ್ತಿನ ಹೊಳಪಿನ ಬಿಳಿಗೆ ನಡುವೆ ಇನ್ನೊಂದು ಪದರ ಇರುವುದರಿಂದ, ಸಾದಾ ಬಿಳಿಯ ಬಾಗಿಲು ಅದರ ಪಕ್ಕದಲ್ಲಿ ಬೇರೆಯಾಗಿಯೇ ಕಾಣುತ್ತದೆ.

ಕೋಡ್ ಒಂದೇ ಆದರೂ ಬಣ್ಣ ಒಂದೇ ಆಗಿರಬೇಕೆಂದಿಲ್ಲ. ಶೆಡ್‌ನಲ್ಲಿ ನಿಂತ ಕಾರು ಮತ್ತು ಹಂಪಿಯ ಬಿಸಿಲಲ್ಲಿ ಇಡೀ ದಿನ ಪ್ರವಾಸಿಗರಿಗಾಗಿ ಕಾಯುವ ಟ್ಯಾಕ್ಸಿ ಐದಾರು ವರ್ಷಕ್ಕೆ ಒಂದೇ ತೆರನಾಗಿ ಉಳಿಯುವುದಿಲ್ಲ. ಸಂಡೂರಿನ ರಸ್ತೆಗಳಲ್ಲಿ ಅದಿರಿನ ಧೂಳೂ ಸೇರುತ್ತದೆ. ಆ ಕೆಂಪು ಧೂಳನ್ನು ಒಣ ಬಟ್ಟೆಯಿಂದ ಒರೆಸಿದರೆ ಮೇಲಿನ ಪಾರದರ್ಶಕ ಪದರದಲ್ಲಿ ಸೂಕ್ಷ್ಮ ಗೀರುಗಳು ಬಿದ್ದು ಹೊಳಪು ಮಂಕಾಗುತ್ತದೆ. ಸಿಲ್ವರ್, ಗ್ರೇ ಬಣ್ಣಗಳಲ್ಲಿ ತೊಡಕು ಇನ್ನೂ ಹೆಚ್ಚು: ಅಲ್ಯೂಮಿನಿಯಂ ಕಣಗಳು ಮಲಗಿದ ರೀತಿಗೆ ತಕ್ಕಂತೆ ಒಂದೇ ಬಾಗಿಲು ನೆರಳಲ್ಲಿ ಸರಿಯಾಗಿ, ಬಿಸಿಲಲ್ಲಿ ಬೇರೆಯಾಗಿ ಕಾಣಬಹುದು. ಆದ್ದರಿಂದಲೇ ಅನುಭವಿ ಪೇಂಟರ್ ಹೊಸ ಬಣ್ಣವನ್ನು ಪಕ್ಕದ ಭಾಗದ ಮೇಲೂ ಸ್ವಲ್ಪ ಹರಡಿ ಕರಗಿಸುತ್ತಾನೆ. ಈ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿದು, ಬಣ್ಣ ಬೇರೆಯಾದರೂ ತಗಡು ನೆಟ್ಟಗಿರುವ ಬಾಗಿಲನ್ನೇ ಆರಿಸುವುದು ಜಾಣತನ.

ಹೊರಗೆ ಥಳಥಳ ಇದ್ದರೆ ಒಳಗೂ ಚೆನ್ನಾಗಿದೆ ಎಂಬ ಭಾವನೆಯೂ ಸರಿಯಲ್ಲ. ತೆಳು ಬಟ್ಟೆಯಲ್ಲಿ ಸುತ್ತಿದ ಸಣ್ಣ ಆಯಸ್ಕಾಂತವನ್ನು ಉಕ್ಕಿನ ಬಾಗಿಲ ಮೇಲೆ ಸರಿಸಿದರೆ, ದಪ್ಪ ಪುಟ್ಟಿ ಮೆತ್ತಿದ ಕಡೆ ಅದರ ಹಿಡಿತ ಸಡಿಲಾಗುತ್ತದೆ. ಆಮೇಲೆ ಬಾಗಿಲನ್ನು ತಲೆಕೆಳಗಾಗಿಸಿ ಕೆಳ ಅಂಚನ್ನು ನೋಡಬೇಕು. ಅಲ್ಲಿ ಹೊರತಗಡು ಒಳತಗಡನ್ನು ಮಡಚಿ ಹಿಡಿದಿರುತ್ತದೆ; ನೀರು ಇಳಿಯುವ ಸಣ್ಣ ರಂಧ್ರಗಳೂ ಅಲ್ಲಿಯೇ ಇರುತ್ತವೆ. ಮಣ್ಣು ಕಟ್ಟಿಕೊಂಡರೆ ನೀರು ಒಳಗೇ ನಿಂತು ತುಕ್ಕು ಒಳಗಿನಿಂದ ಹೊರಗೆ ಬರುತ್ತದೆ. ಬಣ್ಣದ ಕೆಳಗೆ ಗುಳ್ಳೆ ಕಾಣುವ ಹೊತ್ತಿಗೆ ಆ ಮಡಿಕೆ ಹಾಳಾಗಿರುತ್ತದೆ. ಅಂಥ ಬಾಗಿಲು ಎಷ್ಟು ಅಗ್ಗವಾದರೂ ಬೇಡ.

ಹೆಸರು ಒಂದೇ ಇದ್ದರೆ ಭಾಗವೂ ಕೂರುತ್ತದೆ ಎನ್ನುವವರು ಸ್ವಿಫ್ಟ್ ಕಾರನ್ನು ಗಮನಿಸಬೇಕು. 2005ರಲ್ಲಿ ಭಾರತಕ್ಕೆ ಬಂದ ಇದರ ಬಾಡಿ 2011, 2018 ಮತ್ತು 2024ರಲ್ಲಿ ಬದಲಾಯಿತು. 2010ರ ಬಾಗಿಲು 2012ರ ಗಾಡಿಗೆ ಆಗದು, ನೋಟಕ್ಕೆ ಎರಡೂ ಅಣ್ಣತಮ್ಮಂದಿರಂತಿದ್ದರೂ. ಪಾರ್ಟ್ ನಂಬರ್ ಹೊಂದಿಸುವುದೊಂದೇ ಖಾತ್ರಿ. ಬಾಗಿಲು, ಬಾನೆಟ್, ಡಿಕ್ಕಿ, ಮುಂದಿನ ಫೆಂಡರ್‌ಗಳು ಬೋಲ್ಟ್ ಬಿಚ್ಚಿದರೆ ಕೈಗೆ ಬರುತ್ತವೆ. ಹಿಂದಿನ ಕ್ವಾರ್ಟರ್ ಪ್ಯಾನೆಲ್ ಮತ್ತು ಛಾವಣಿ ಹಾಗಲ್ಲ, ಕತ್ತರಿಸಿ ವೆಲ್ಡ್ ಮಾಡಬೇಕು. ಅವು ಕಾರಿನ ಗಟ್ಟಿತನದ ಭಾಗವೇ ಆದ್ದರಿಂದ ರಸ್ತೆಬದಿಯ ಕೆಲಸಕ್ಕೆ ಒಪ್ಪಿಸುವಂಥವಲ್ಲ.

ಹಳೆ ಬಾಗಿಲು ಹಾಕಿಸಿದರೆ ಆರ್‌ಟಿಒಗೆ ಓಡಬೇಕು ಎಂಬ ಹೆದರಿಕೆ ಅನಗತ್ಯ. ಅದೇ ಮಾದರಿಯ, ಅದೇ ಬಣ್ಣದ ಭಾಗ ದುರಸ್ತಿಯಷ್ಟೇ. ಇಡೀ ಕಾರಿನ ಬಣ್ಣ ಬದಲಿಸಿದರೆ ಮಾತ್ರ ಆರ್‌ಸಿಯಲ್ಲಿ ನಮೂದಾಗಬೇಕು. ಬಿಲ್ಲಿನ ವಿಷಯದಲ್ಲಿ ಮಾತ್ರ ಉದಾಸೀನ ಸಲ್ಲದು. ಕದ್ದ ಗಾಡಿಯ ಭಾಗವೆಂದು ಗೊತ್ತಿದ್ದೂ ಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಡಿ ಅಪರಾಧ. ಅಂಗಡಿಯ ಹೆಸರು, ತಾರೀಕು, ಭಾಗದ ವಿವರ, ಸಾಧ್ಯವಾದರೆ ಅದನ್ನು ಬಿಚ್ಚಿದ ಗಾಡಿಯ ನಂಬರ್ ಇರುವ ಬಿಲ್ಲನ್ನು ಕೇಳಿ ಪಡೆಯಬೇಕು. ಕೊಡಲು ಒಪ್ಪದ ಅಂಗಡಿಯಲ್ಲಿ ಕೊಳ್ಳಬಾರದು.