ಆಟದೊಳಗಿನ ಸದ್ದು ಯಾರದ್ದು?

ಕಂಪ್ಯೂಟರಿನಲ್ಲಿ ಹಾಕಿಕೊಂಡಿರುವ ಒಂದೆರಡು ಆಟಗಳ ಫೋಲ್ಡರ್ ತೆರೆದು ನೋಡಿ. ‘ಓಪನ್‌ಎಎಲ್32.ಡಿಎಲ್‌ಎಲ್’ ಎಂಬ ಪುಟ್ಟ ಕಡತ ಕಣ್ಣಿಗೆ ಬೀಳುವ ಸಾಧ್ಯತೆ ಚೆನ್ನಾಗಿಯೇ ಇದೆ. ಬೆನ್ನ ಹಿಂದೆ ಬಾಗಿಲು ಕಿರುಗುಟ್ಟಿದರೆ ಹಿಂದಿನಿಂದಲೇ ಕೇಳಿಸಬೇಕು, ಗುಡ್ಡದಾಚೆಯ ಗುಂಡಿನ ಸದ್ದು ದೂರದ್ದೆಂದೇ ಅನ್ನಿಸಬೇಕು. ಆ ಲೆಕ್ಕವೆಲ್ಲ ಈ ಕಡತದ್ದು. ಎಷ್ಟೋ ಆಟಗಳಲ್ಲಿ ಇದರೊಳಗೆ ಕೆಲಸ ಮಾಡುವುದು ಓಪನ್‌ಎಎಲ್ ಸಾಫ್ಟ್ ಎಂಬ ಮುಕ್ತ ತಂತ್ರಾಂಶ. ಮೈನ್‌ಕ್ರಾಫ್ಟ್‌ನ ಜಾವಾ ಆವೃತ್ತಿಯ ಸದ್ದೂ ಇದರ ಮೂಲಕವೇ ಹೊರಡುತ್ತದೆ. ಇಂಥ ಕೋಡನ್ನು ತಿದ್ದಿ, ದುಡ್ಡಿಗೆ ಮಾರುವ ಆಟದಲ್ಲಿ ಸೇರಿಸಬಹುದೇ? ಈ ಪ್ರಶ್ನೆಯ ಸುತ್ತ ಹೊಸಬರಲ್ಲಿ ಬೇಕಾದಷ್ಟು ಗೊಂದಲವಿದೆ.

ತಪ್ಪು ಕಲ್ಪನೆ: ಮುಕ್ತ ತಂತ್ರಾಂಶ ಸೇರಿಸಿದ ಆಟವನ್ನು ಮಾರುವಂತಿಲ್ಲ.

ಸತ್ಯ: ಮಾರಬಹುದು. ಮುಕ್ತ ತಂತ್ರಾಂಶದ ಯಾವ ಲೈಸೆನ್ಸೂ ವ್ಯಾಪಾರವನ್ನು ತಡೆಯುವುದಿಲ್ಲ. ‘ವ್ಯಾಪಾರಕ್ಕೆ ಬಳಸಬಾರದು’ ಎಂಬ ಷರತ್ತು ಹಾಕಿದ ಕೋಡ್, ಎಲ್ಲರ ಕಣ್ಣಿಗೆ ಕಾಣುವಂತಿದ್ದರೂ ಮುಕ್ತ ತಂತ್ರಾಂಶ ಅನ್ನಿಸಿಕೊಳ್ಳುವುದಿಲ್ಲ.

ತಪ್ಪು ಕಲ್ಪನೆ: ಓಪನ್ ಅಂದ ಮೇಲೆ ಏನು ಬೇಕಾದರೂ ಮಾಡಬಹುದು.

ಸತ್ಯ: ಹೆಚ್ಚು ಜನ ಎಡವುವುದು ಇಲ್ಲೇ. ಕೋಡ್ ಬರೆದವರು ಹಕ್ಕು ಬಿಟ್ಟುಕೊಟ್ಟಿಲ್ಲ. ಷರತ್ತಿನ ಮೇಲೆ ಅನುಮತಿ ಕೊಟ್ಟಿದ್ದಾರೆ, ಅಷ್ಟೆ. ಆ ಷರತ್ತು ಒಂದೊಂದು ಕಡೆ ಒಂದೊಂದು ಥರ. ಆಗ್ ವೋರ್ಬಿಸ್ ಸಂಗೀತ ಕಡತ ಓದುವ ಲೈಬ್ರರಿ ಬಿಎಸ್‌ಡಿ ಲೈಸೆನ್ಸಿನದು. ಅದನ್ನು ತಿದ್ದಿ ನಿಮ್ಮಲ್ಲೇ ಇಟ್ಟುಕೊಂಡರೂ ಯಾರೂ ಕೇಳುವುದಿಲ್ಲ, ಆದರೆ ಅದನ್ನು ಬರೆದವರ ಹಕ್ಕುಸ್ವಾಮ್ಯದ ಸಾಲುಗಳನ್ನು ಆಟದ ಜೊತೆ ಕೊಡಲೇಬೇಕು. ವಾಲ್ವ್ ಕಂಪನಿ 2024ರಲ್ಲಿ ಸ್ಟೀಮ್ ಆಡಿಯೊದ ಕೋಡನ್ನು ಅಪಾಚೆ 2.0 ಲೈಸೆನ್ಸಿನಲ್ಲಿ ಬಿಟ್ಟಿತು. ಅಲ್ಲಿ ತಿದ್ದಿದ ಕಡತಗಳಲ್ಲಿ ‘ಇದನ್ನು ಬದಲಿಸಿದ್ದೇವೆ’ ಎಂದು ಗುರುತು ಹಾಕಬೇಕು.

ಓಪನ್‌ಎಎಲ್ ಸಾಫ್ಟ್‌ನದು ಎಲ್‌ಜಿಪಿಎಲ್ ಎಂಬ ಲೈಸೆನ್ಸ್. ಉದಾಹರಣೆಗೆ, ನೀರಿನೊಳಗೆ ಮುಳುಗಿದಾಗ ಸದ್ದು ಮಂಕಾಗಲಿ ಎಂದು ನೀವು ಅದರ ಕೋಡಿನಲ್ಲಿ ಹತ್ತಿಪ್ಪತ್ತು ಸಾಲು ಬದಲಿಸಿದಿರಿ ಅನ್ನಿ. ಆಟ ಕೊಂಡವರಿಗೆ ಆ ತಿದ್ದಿದ ಲೈಬ್ರರಿಯ ಸೋರ್ಸ್ ಕೋಡ್ ಸಿಗುವಂತೆ ಮಾಡಬೇಕು. ನಿಮ್ಮ ಕಥೆ, ಚಿತ್ರ, ಆಟದ ಸ್ವಂತ ಕೋಡ್ ನಿಮ್ಮದಾಗಿಯೇ ಉಳಿಯುತ್ತವೆ. ಆದರೆ ಆಡುವವನು ಆ ಲೈಬ್ರರಿಯನ್ನು ತೆಗೆದು ಬೇರೆಯದನ್ನು ಕೂರಿಸಲು ದಾರಿ ಇರಬೇಕು. ಅದನ್ನು ಬೇರೆ ಡಿಎಲ್‌ಎಲ್ ಆಗಿ ಇಡುವುದು ಇದೇ ಕಾರಣಕ್ಕೆ. ಇದು ಬರೀ ಕಾಗದದ ಮೇಲಿನ ಹಕ್ಕಲ್ಲ. ಹೆಡ್‌ಫೋನಿನಲ್ಲಿ ಮೇಲೆ, ಕೆಳಗೆ, ಹಿಂದೆ ಎಂಬ ದಿಕ್ಕುಗಳು ಸ್ಪಷ್ಟವಾಗಿ ಕೇಳಲಿ ಎಂದು ಹಳೆಯ ಆಟಗಳ ಡಿಎಲ್‌ಎಲ್ ತೆಗೆದು ಹೊಸ ಓಪನ್‌ಎಎಲ್ ಸಾಫ್ಟ್ ಹಾಕಿಕೊಳ್ಳುವ ಆಟಗಾರರಿದ್ದಾರೆ. ಇನ್ನೊಂದು ಮಾತು: ‘ಈ ಆಟವನ್ನು ಬಿಚ್ಚಿ ನೋಡಕೂಡದು’ ಎಂದು ಕಣ್ಣು ಮುಚ್ಚಿ ಬರೆದುಬಿಡುವ ಬಳಕೆದಾರ ಒಪ್ಪಂದ ಎಲ್‌ಜಿಪಿಎಲ್‌ಗೆ ವಿರುದ್ಧವಾಗಬಹುದು. ಲೈಬ್ರರಿ ಬದಲಿಸಿ ದೋಷ ಹುಡುಕುವಷ್ಟರ ಮಟ್ಟಿಗೆ ಬಿಚ್ಚಿ ನೋಡುವ ಅವಕಾಶವನ್ನು ಅದು ಕೇಳುತ್ತದೆ.

ಈ ಷರತ್ತುಗಳು ಕಿರಿಕಿರಿ ಅನ್ನಿಸಿದರೆ ಓಪನ್‌ಎಎಲ್‌ನ ಕಥೆಯನ್ನೇ ನೆನೆಯಬೇಕು. ಸೌಂಡ್ ಕಾರ್ಡ್ ತಯಾರಿಸುವ ಕ್ರಿಯೇಟಿವ್ ಕಂಪನಿ ಓಪನ್‌ಎಎಲ್‌ನ ತನ್ನ ಆವೃತ್ತಿಯ ಮುಂದಿನ ಕೋಡನ್ನು ಮುಚ್ಚಿಟ್ಟುಕೊಂಡಿತು. ಅದಕ್ಕೆ ಮೊದಲು ಎಲ್‌ಜಿಪಿಎಲ್‌ನಲ್ಲಿ ಹೊರಬಂದಿದ್ದ ಕೋಡ್ ಮಾತ್ರ ಯಾರ ಕೈಗೂ ಎಟುಕುವಂತೆ ಉಳಿದಿತ್ತು. ಕ್ರಿಸ್ ರಾಬಿನ್ಸನ್ ಎಂಬ ಪ್ರೋಗ್ರಾಮರ್ 2007ರ ಸುಮಾರಿಗೆ ಅದನ್ನೇ ಎತ್ತಿಕೊಂಡು ಓಪನ್‌ಎಎಲ್ ಸಾಫ್ಟ್ ಬೆಳೆಸಿದರು. ಅಂದಿನ ಷರತ್ತು ಇಂದಿನ ಆಟಗಳಿಗೆ ಸದ್ದು ಕೊಟ್ಟಿದೆ.

ಇದಕ್ಕೆ ತದ್ವಿರುದ್ಧವಾದದ್ದು ಡೂಮ್ ಆಟದ ಅನುಭವ. ಇಡ್ ಸಾಫ್ಟ್‌ವೇರ್ 1997ರ ಡಿಸೆಂಬರಿನಲ್ಲಿ ಅದರ ಸೋರ್ಸ್ ಕೋಡ್ ಕೊಟ್ಟಾಗ ಡಾಸ್ ಆವೃತ್ತಿಯ ಸದ್ದಿನ ಲೈಬ್ರರಿಯನ್ನು ಕೊಡಲಾಗಲಿಲ್ಲ. ಡಿಎಂಎಕ್ಸ್ ಎಂಬ ಆ ಲೈಬ್ರರಿ ಹೊರಗಿನವರಿಂದ ತಂದದ್ದು. ಅದರ ಹಕ್ಕು ಇವರ ಕೈಯಲ್ಲಿರಲಿಲ್ಲ.

ತಪ್ಪು ಕಲ್ಪನೆ: ತಿದ್ದಿದ್ದನ್ನೆಲ್ಲ ಮೂಲ ಲೇಖಕರಿಗೆ ಕಳಿಸಲೇಬೇಕು.

ಸತ್ಯ: ಇಲ್ಲ. ಎಲ್‌ಜಿಪಿಎಲ್ ಮತ್ತು ಅದರ ಬಿಗಿಯಾದ ಅಣ್ಣ ಜಿಪಿಎಲ್ ಎರಡರಲ್ಲೂ ಸೋರ್ಸ್ ಕೋಡಿನ ಋಣ ಇರುವುದು ಪ್ರತಿ ಪಡೆದವರಿಗೆ. ಆಫೀಸಿನೊಳಗೇ ತಿದ್ದಿ, ಅಲ್ಲೇ ಬಳಸಿದರೆ ಯಾರಿಗೂ ಕೊಡಬೇಕಿಲ್ಲ. ಆದರೂ ಕಳಿಸುವುದು ಜಾಣತನ ಎಂದೇ ನನ್ನ ಅಭಿಪ್ರಾಯ. ಇಲ್ಲವಾದರೆ ಪ್ರತಿ ಹೊಸ ಆವೃತ್ತಿ ಬಂದಾಗಲೂ ಅದೇ ತಿದ್ದುಪಡಿಯನ್ನು ಮತ್ತೆ ಮತ್ತೆ ಹೊಲಿಯುತ್ತ ಕೂರಬೇಕಾಗುತ್ತದೆ.

ತಪ್ಪು ಕಲ್ಪನೆ: ಆಡಾಸಿಟಿ ಎಂಬ ಜಿಪಿಎಲ್ ತಂತ್ರಾಂಶದಲ್ಲಿ ಸದ್ದು ಎಡಿಟ್ ಮಾಡಿದರೆ ಆ ಸದ್ದಿಗೂ ಜಿಪಿಎಲ್ ಅಂಟಿಕೊಳ್ಳುತ್ತದೆ.

ಸತ್ಯ: ಅಂಟುವುದಿಲ್ಲ. ನೀವು ರೆಕಾರ್ಡ್ ಮಾಡಿದ ಮಳೆಯ ಸದ್ದು ನಿಮ್ಮದೇ.

ತಪ್ಪು ಕಲ್ಪನೆ: ಕೋಡ್ ಮುಕ್ತವಾಗಿದ್ದರೆ ಪೇಟೆಂಟಿನ ತೊಂದರೆ ಬರುವುದಿಲ್ಲ.

ಸತ್ಯ: ಅವೆರಡೂ ಬೇರೆ ಬೇರೆ ಹಕ್ಕು. ಎಂಪಿ3 ಓದುವ ಮುಕ್ತ ಕೋಡ್ ಸಿಗುತ್ತಿದ್ದ ಕಾಲದಲ್ಲೂ ಆ ವಿಧಾನದ ಪೇಟೆಂಟ್ ಬೇರೆಯವರ ಕೈಯಲ್ಲಿತ್ತು. 5,000ಕ್ಕಿಂತ ಹೆಚ್ಚು ಪ್ರತಿಗಳ ಆಟವಾದರೆ ಒಂದೊಂದು ಆಟಕ್ಕೆ 2,500 ಡಾಲರ್ ಶುಲ್ಕ ಕೇಳುತ್ತಿದ್ದರು. ಆಟ ಕಟ್ಟುವವರು ಆಗ್ ವೋರ್ಬಿಸ್ ಕಡೆ ತಿರುಗಲು ಇದೂ ಒಂದು ಕಾರಣ. ಎಂಪಿ3 ಪರವಾನಗಿ ನೀಡಿಕೆ ನಿಂತದ್ದು 2017ರಲ್ಲಿ.

ತಪ್ಪು ಕಲ್ಪನೆ: ಮುಚ್ಚಿದ ಆಟದೊಳಗೆ ಯಾರ ಕೋಡಿದೆ ಎಂದು ಯಾರಿಗೂ ಗೊತ್ತಾಗುವುದಿಲ್ಲ.

ಸತ್ಯ: ಗೊತ್ತಾಗುತ್ತದೆ. ನಿಂಟೆಂಡೊ ವೀ ಕನ್ಸೋಲಿಗೆ ಬಂದ ಕೆಲವು ಮಕ್ಕಳ ಆಟಗಳೊಳಗೆ ತಮ್ಮದೇ ಕೋಡ್ ಇರುವುದನ್ನು ಸ್ಕಮ್‌ವಿಎಂ ಎಂಬ ಜಿಪಿಎಲ್ ಯೋಜನೆಯವರು ಪತ್ತೆಹಚ್ಚಿದರು. ವಕೀಲರ ಮೂಲಕ ನಡೆದ ಮಾತುಕತೆ 2009ರಲ್ಲಿ ಇತ್ಯರ್ಥವಾಯಿತು. ಕನ್ಸೋಲಿನಲ್ಲಿ ಇನ್ನೊಂದು ತೊಡಕಿದೆ: ಕೋಡ್ ಕೊಡಬೇಕು ಎಂದು ಜಿಪಿಎಲ್ ಹೇಳುತ್ತದೆ, ಕನ್ಸೋಲ್ ಕಂಪನಿಯ ಒಪ್ಪಂದ ಗುಟ್ಟು ಕಾಪಾಡಬೇಕೆನ್ನುತ್ತದೆ. ಎರಡನ್ನೂ ಒಟ್ಟಿಗೆ ಪಾಲಿಸುವುದು ಕಷ್ಟ. ಕನ್ಸೋಲಿಗೆ ಆಟ ತರುವ ಯೋಚನೆ ಇದ್ದವರು ಬಿಎಸ್‌ಡಿ, ಜ಼ಡ್‌ಲಿಬ್ ಥರದ ಸಡಿಲ ಲೈಸೆನ್ಸಿನ ಲೈಬ್ರರಿಗಳನ್ನು ಮೊದಲೇ ಆರಿಸಿಕೊಳ್ಳುವುದು ಒಳ್ಳೆಯದು. ಎಸ್‌ಡಿಎಲ್ ಲೈಬ್ರರಿ ತನ್ನ 2ನೇ ಆವೃತ್ತಿಯಲ್ಲಿ ಎಲ್‌ಜಿಪಿಎಲ್ ಬಿಟ್ಟು ಜ಼ಡ್‌ಲಿಬ್‌ಗೆ ಬಂದಿರುವುದರಿಂದ ಅಂಥವರಿಗೆ ಅನುಕೂಲವಾಗಿದೆ.

ಸೋರ್ಸ್ ಕೋಡಿನ ಜೊತೆ ‘ಕಾಪಿಯಿಂಗ್’ ಅಥವಾ ‘ಲೈಸೆನ್ಸ್’ ಎಂಬ ಹೆಸರಿನ ಕಡತ ಸಾಮಾನ್ಯವಾಗಿ ಇರುತ್ತದೆ. ಒಂದು ಸಾಲು ತಿದ್ದುವ ಮೊದಲೇ ಅದನ್ನು ಪೂರ್ತಿ ಓದಿ, ಅರ್ಥವಾಗದಿದ್ದರೆ ತಿಳಿದ ವಕೀಲರನ್ನು ಕೇಳಿ. ಆಟ ಮುಗಿದ ಮೇಲೆ ಹೆಸರುಗಳು ಮೇಲೇರುವಾಗ, ಆ ಲೈಬ್ರರಿ ಬರೆದವರ ಹೆಸರೂ ಅಲ್ಲಿರಲಿ.