ಸಂಶೋಧನಾ ದಾಖಲೆಗಳಲ್ಲಿ ಏಕರೂಪತೆ

ವಿಶ್ವವಿದ್ಯಾನಿಲಯವೆಂದೊಡನೆ ನಮ್ಮ ಕಣ್ಣಮುಂದೆ ಪ್ರಾಧ್ಯಾಪಕರು, ಗ್ರಂಥಾಲಯ, ಪ್ರಯೋಗಶಾಲೆ ಇವು ಬಂದು ನಿಲ್ಲುತ್ತವೆ. ಇವುಗಳ ಹಿಂದೆ ಒಂದು ಕಚೇರಿಯೂ ಇರುತ್ತದೆಂಬುದನ್ನು ನಾವು ಮರೆಯುತ್ತೇವೆ. ಯಾವ ಸಂಶೋಧನೆಗೆ ಎಷ್ಟು ಹಣ ಮಂಜೂರಾಯಿತು, ಅದನ್ನು ಯಾರು ಕೈಗೊಂಡರು, ಅದರಿಂದ ಯಾವ ಪ್ರಬಂಧ ಹೊರಬಂದಿತು ಎಂಬುದನ್ನೆಲ್ಲ ಬರೆದಿಡುವುದು ಆ ಕಚೇರಿಯ ಕೆಲಸ. ಇದು ನೀರಸವಾದ ಕೆಲಸವೆಂದು ತೋರಬಹುದು. ಆದರೆ ಸಂಶೋಧನೆಗೆ ವೆಚ್ಚವಾಗುವ ಹಣದಲ್ಲಿ ಬಹಳಷ್ಟು ಜನರು ಕೊಟ್ಟ ತೆರಿಗೆಯದು. ದಾಖಲೆ ಸರಿಯಿಲ್ಲದಿದ್ದರೆ ಒಬ್ಬರು ಮಾಡಿ ಮುಗಿಸಿದ ಕೆಲಸವನ್ನೇ ಮತ್ತೊಬ್ಬರು ಮೊದಲಿನಿಂದ ಮಾಡುತ್ತಾರೆ. ದುಡಿದವರ ಫಲ ಬೇರೊಬ್ಬರ ಖಾತೆಗೆ ಸೇರುತ್ತದೆ.

ಮೊದಲನೆಯ ತೊಡಕು ಹೆಸರಿನದು. ಹೆಸರಿಗೆ ಮುಂಚೆ ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳನ್ನು ಹಚ್ಚುವುದು ನಮ್ಮ ಕಡೆಯ ರೂಢಿ. ಪಾಶ್ಚಾತ್ಯರ ಪಟ್ಟಿಗಳಲ್ಲಾದರೋ ಕುಲನಾಮಕ್ಕೇ ಪ್ರಾಧಾನ್ಯ. ಕುಲನಾಮವಿಲ್ಲದ ನಮ್ಮವರು ಆ ಜಾಗದಲ್ಲಿ ಒಮ್ಮೆ ತಂದೆಯ ಹೆಸರನ್ನೂ, ಇನ್ನೊಮ್ಮೆ ಊರಿನ ಹೆಸರನ್ನೂ ತುಂಬುತ್ತಾರೆ. ಕನ್ನಡದಲ್ಲಿ ಒಂದೇ ಆಗಿರುವ ‘ಲಕ್ಷ್ಮಿ’ಯನ್ನು ಇಂಗ್ಲಿಷಿನಲ್ಲಿ ಎರಡು ಮೂರು ಬಗೆಯಾಗಿ ಬರೆಯುತ್ತಾರೆ. ಹೀಗಾಗಿ ಒಬ್ಬರೇ ಬರೆದ ಪ್ರಬಂಧಗಳು ಹಲವರ ಹೆಸರಿನಲ್ಲಿ ಚೆದುರುತ್ತವೆ, ‘ಎಸ್. ಕುಮಾರ್’ ಎಂಬ ಒಂದೇ ಹೆಸರಿನ ಕೆಳಗೆ ಹಲವರು ಕೂಡಿಕೊಳ್ಳುತ್ತಾರೆ. ಊರುಗಳ ಪಾಡೂ ಇದೇ. 2014ರ ನವೆಂಬರ್ 1ರಂದು ಬೆಂಗಳೂರು, ಮೈಸೂರು ಮೊದಲಾದ 12 ನಗರಗಳ ಇಂಗ್ಲಿಷ್ ಕಾಗುಣಿತ ಬದಲಾಯಿತು. ಓದುವ ಮನುಷ್ಯನಿಗೆ ಹಳೆಯದೂ ಹೊಸದೂ ಒಂದೇ. ಗಣಕಯಂತ್ರಕ್ಕೆ ಅವು ಬೇರೆ ಬೇರೆ ಊರುಗಳು.

ಇದಕ್ಕೆ ಪರಿಹಾರವನ್ನು ನಮ್ಮ ರೈತರು ಬಹುಕಾಲದಿಂದ ಬಲ್ಲರು. ಊರಿನವರ ಬಾಯಲ್ಲಿ ಅದು ‘ಹುಣಸೆಮರದ ಹೊಲ’. ಪಹಣಿಯಲ್ಲಿ ಮಾತ್ರ ಸರ್ವೆ ನಂಬರು. ಮರ ಬಿದ್ದುಹೋಗಲಿ, ಖಾತೆದಾರ ಬದಲಾಗಲಿ, ನಂಬರನ್ನು ಹಿಡಿದು ಹೊರಟರೆ ಹೊಲ ಸಿಕ್ಕೇ ಸಿಕ್ಕುತ್ತದೆ. ಸಂಶೋಧನಾ ಲೋಕವೂ ಈಗ ಇದೇ ದಾರಿಯನ್ನು ಹಿಡಿದಿದೆ.

2012ರ ಅಕ್ಟೋಬರಿನಲ್ಲಿ ಆರಂಭವಾದ ‘ಆರ್ಕಿಡ್’ ಎಂಬ ವ್ಯವಸ್ಥೆಯಲ್ಲಿ ಸಂಶೋಧಕರು ತಮಗೆ ತಾವೇ, ಶುಲ್ಕವಿಲ್ಲದೆ, 16 ಸ್ಥಾನಗಳ ಒಂದು ಸಂಖ್ಯೆಯನ್ನು ಪಡೆಯಬಹುದು. ಮೊದಲ 15 ಅಂಕಿಗಳಿಂದ ಲೆಕ್ಕ ಹಾಕಿ ಕೊನೆಯ ಸ್ಥಾನವನ್ನು ತುಂಬಿರುತ್ತಾರೆ. ಬರೆಯುವಾಗ ಒಂದು ಅಂಕಿ ತಪ್ಪಿದರೂ ಲೆಕ್ಕ ಹೊಂದದೆ ತಪ್ಪು ಹೊರಬೀಳುತ್ತದೆ. ಲೆಕ್ಕದಲ್ಲಿ 10 ಬಂದಾಗ ಆ ಒಂದೇ ಸ್ಥಾನದಲ್ಲಿ ‘ಎಕ್ಸ್’ ಅಕ್ಷರವನ್ನು ಬರೆಯುತ್ತಾರೆ. ಹೆಸರು ಬದಲಾಗಲಿ, ಕೆಲಸದ ಊರು ಬದಲಾಗಲಿ, ಸಂಖ್ಯೆ ಅದೇ. ಇದೇ ರೀತಿ ಪ್ರಬಂಧಗಳಿಗೆ ‘ಡಿ.ಒ.ಐ.’ ಎಂಬ ಗುರುತೂ, ಸಂಸ್ಥೆಗಳಿಗೆ 2019ರಲ್ಲಿ ಬಂದ ‘ಆರ್.ಒ.ಆರ್.’ ಎಂಬ ಗುರುತೂ ಇವೆ.

ಆದರೆ ಗುರುತುಗಳಷ್ಟೇ ಸಾಲವು. ಅವುಗಳ ನಡುವಣ ಸಂಬಂಧವನ್ನೂ ಬರೆದಿಡಬೇಕು. ಯೂರೋಪಿನಲ್ಲಿ 1991ರಲ್ಲಿ ರೂಪುಗೊಂಡ ‘ಸೆರಿಫ್’ ಎಂಬ ಮಾದರಿಯ ಮುಖ್ಯ ಗುಣ ಇದೇ. 2002ರಿಂದ ಇದರ ಹೊಣೆಯನ್ನು ‘ಯೂರೋಕ್ರಿಸ್’ ಎಂಬ ಸಂಸ್ಥೆ ಹೊತ್ತಿದೆ. ಈ ಮಾದರಿಯಲ್ಲಿ ವ್ಯಕ್ತಿ, ಸಂಸ್ಥೆ, ಯೋಜನೆ ಇವು ಬೇರೆ ಬೇರೆ ದಾಖಲೆಗಳು. ಇಂಥ ವ್ಯಕ್ತಿ ಇಂಥ ಯೋಜನೆಯಲ್ಲಿ ಸಹಾಯಕನಾಗಿದ್ದನೇ, ಮುಖ್ಯಸ್ಥನಾಗಿದ್ದನೇ, ಎಂದಿನಿಂದ ಎಂದಿನವರೆಗೆ ಎಂಬುದು ಅವೆರಡನ್ನು ಜೋಡಿಸುವ ಪ್ರತ್ಯೇಕ ದಾಖಲೆ. ಆದುದರಿಂದ ಸಹಾಯಕನು ಮುಂದೆ ಪ್ರಾಧ್ಯಾಪಕನಾದರೂ ಅವನು ಮೊದಲು ಮಾಡಿದ ಕೆಲಸದ ಗುರುತು ಅಳಿಸಿಹೋಗುವುದಿಲ್ಲ.

ನಮ್ಮ ದೇಶವೂ ಹಿಂದೆ ಬಿದ್ದಿಲ್ಲ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು 2009ರ ನಿಯಮಗಳಲ್ಲಿ ಪಿಎಚ್.ಡಿ. ಮಹಾಪ್ರಬಂಧಗಳ ವಿದ್ಯುನ್ಮಾನ ಪ್ರತಿಯನ್ನು ಒಪ್ಪಿಸಬೇಕೆಂದು ವಿಧಿಸಿತು. ಗಾಂಧಿನಗರದ ‘ಇನ್‌ಫ್ಲಿಬ್‌ನೆಟ್’ ಕೇಂದ್ರದ ‘ಶೋಧಗಂಗಾ’ ಭಂಡಾರದಲ್ಲಿ ಅಂಥ ಪ್ರಬಂಧಗಳನ್ನು ಯಾರು ಬೇಕಾದರೂ ಓದಬಹುದು. ಈ ವಿದ್ಯೆಗೆ ನಮ್ಮ ನಾಡಿನ ನಂಟೂ ಉಂಟು. ಗ್ರಂಥಾಲಯ ವಿಜ್ಞಾನದ ಪಿತಾಮಹರಾದ ಎಸ್. ಆರ್. ರಂಗನಾಥನ್ ಅವರು 1962ರಲ್ಲಿ ದಾಖಲೀಕರಣದ ಸಂಶೋಧನೆ ಮತ್ತು ಶಿಕ್ಷಣಕ್ಕಾಗಿ ಕೇಂದ್ರವೊಂದನ್ನು ಸ್ಥಾಪಿಸಿದುದು ಬೆಂಗಳೂರಿನಲ್ಲಿಯೇ.

ಇಷ್ಟಾದರೂ ಸಂಖ್ಯೆಯನ್ನು ಯೋಗ್ಯತೆಯೆಂದು ಭ್ರಮಿಸಬಾರದು. ಸರ್ವೆ ನಂಬರು ಹೊಲ ಎಲ್ಲಿದೆಯೆಂದು ಹೇಳುತ್ತದೆಯೇ ಹೊರತು ಬೆಳೆ ಹೇಗಿದೆಯೆಂದು ಹೇಳುವುದಿಲ್ಲ. ಪ್ರಬಂಧದ ಬೆಲೆ ತಿಳಿಯಬೇಕಾದರೆ ಅದನ್ನು ಓದಲೇಬೇಕು. ಕನ್ನಡದಲ್ಲಿ ಬರೆದ ಪ್ರಬಂಧದ ಶೀರ್ಷಿಕೆಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಮಾತ್ರ ಬರೆದು ಕೈಬಿಡುವುದೂ ಸರಿಯಲ್ಲ. ಕನ್ನಡ ಲಿಪಿಯಲ್ಲಿ ಹುಡುಕುವವರಿಗೆ ಅದು ಸಿಕ್ಕದು.

ದೊಡ್ಡ ಹೆಸರಿನವರಿಗೆ ಈ ಏಕರೂಪತೆಯಿಂದ ಆಗುವ ಲಾಭ ಅಲ್ಪ. ಅವರನ್ನು ಎಲ್ಲರೂ ಬಲ್ಲರು. ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲೇರಿದವರಿಗೆ ಅವರು ಬರೆದ ಬರಹವಲ್ಲದೆ ಬೇರೆ ಶಿಫಾರಸಿಲ್ಲ. ಆ ಬರಹ ಅವರ ಹೆಸರಿನಲ್ಲಿಯೇ ಉಳಿಯಬೇಕಾದುದು ನ್ಯಾಯ. ಮುಂದೆ ಸಂಶೋಧನೆಯ ಹಾದಿಯನ್ನು ಹಿಡಿಯಲಿರುವ ನಮ್ಮ ಸಹಪಾಠಿಗಳು ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯಬೇಕೆಂಬುದನ್ನು ಮೊದಲ ಲೇಖನಕ್ಕೆ ಮುನ್ನವೇ ನಿರ್ಧರಿಸಿ, ಎಲ್ಲೆಡೆಯೂ ಅದನ್ನೇ ಬಳಸುವುದು ಲೇಸು.